ಅತ್ತೆಯ ನೀಲಿ ಗೆರೆ

ಫೆಬ್ರವರಿ 4

ಸೊಸೆಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನ ಮಾವ ಎಂದಿನಂತೆ ಒಂಬತ್ತಕ್ಕೆ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತಾರೆ, ಸಂಜೆ ನಾನು ಹೋಗಿ ಗುಂಡಿ ಹಚ್ಚಿ, ದಾರದ ಉಂಡೆ ಎತ್ತಿಕೊಡುತ್ತೇನೆ.

ನಿವೃತ್ತಿಯಾದ ಮೇಲೆ ನಾನು ಕ್ಯಾಮೆರಾ ಕೊಂಡದ್ದನ್ನು ನಿನ್ನ ಗಂಡ ಹೇಳಿರಬೇಕು. ಗುಡ್ಡ, ಕೆರೆ, ಕಲ್ಲುಕ್ವಾರಿ, ಹೊಳೆಯ ತಿರುವು, ಏನು ಕಂಡರೂ ಬಿಡದೆ ಚಿತ್ರ ತೆಗೆಯುತ್ತಿದ್ದೇನೆ. ಆಗಸ್ಟಿನಲ್ಲಿ ನಮ್ಮ ವಾಚನಾಲಯದ ಹೊಸ ಹಾಲ್ ತೆರೆಯುತ್ತಾರೆ. ಅದರ ಗೋಡೆಗೆ ನನ್ನ ಹನ್ನೆರಡು ಚಿತ್ರ ಬೇಕೆಂದಿದ್ದಾರೆ. ನೋಡಲು ಬರುವವರಲ್ಲಿ ಅರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳು. ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿದ್ದೇನೆ, ನಾನು ಬೋರ್ಡಿನ ಮೇಲೆ ಬರೆದ ನಕ್ಷೆಯಲ್ಲಿ ತಪ್ಪು ಹುಡುಕಿದ ಮಗ ಇನ್ನೂ ಹುಟ್ಟಿಲ್ಲ. ಈಗ ವಯಸ್ಸಾದ ಮೇಲೆ ಅವರ ಕೈಲಿ ನಗಿಸಿಕೊಳ್ಳಲು ನಾನು ತಯಾರಿಲ್ಲ.

ಆದರೆ ಚಿತ್ರಗಳೆಲ್ಲ ಮಂಕು. ಚಹಾ ಸೋಸಿದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತವೆ. ಕಂಪ್ಯೂಟರಿನಲ್ಲಿ ಬಣ್ಣ ಸರಿಮಾಡಬಹುದಂತೆ. ನಿನ್ನ ಗಂಡನನ್ನು ಕೇಳಿದರೆ, "ಅಮ್ಮಾ, ಪ್ರಿಂಟ್ ಲ್ಯಾಬಿನಲ್ಲಿ ದಿನಾ ಅದೇ ಕೆಲಸ ಮಾಡೋಳು ಅವಳು. ಅವಳನ್ನೇ ಕೇಳು," ಅಂದ. ನಿಮ್ಮ ಮದುವೆಯಾದ ಈ ನಾಲ್ಕು ವರ್ಷದಲ್ಲಿ ನಾನು ನಿನ್ನನ್ನು ಏನೂ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ. ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಬೇಗ ಸಿಟ್ಟು ಬರುತ್ತದೆ. ಕಾಗದದಲ್ಲಾದರೆ ಲಕೋಟೆ ಅಂಟಿಸುವಷ್ಟರಲ್ಲಿ ಇಳಿದಿರುತ್ತದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ಕಾಲ ಬಂದಿದೆ. ಹೆಚ್ಚು ಮೆರೆಯದೆ ಹೇಳಿಕೊಡು.

ಇತಿ,
ನಿನ್ನ ಗಂಡನ ತಾಯಿ


ಫೆಬ್ರವರಿ 12

ಅತ್ತೆಯವರಿಗೆ ನಮಸ್ಕಾರ.

ಈ ಕಾಗದ ಮೂರು ಸಲ ಬರೆದು ಹರಿದು, ನಾಲ್ಕನೇ ಸಲ ಬರೆಯುತ್ತಿದ್ದೇನೆ. ನಿಮ್ಮ ಮಗ, "ಬರೀ ಪಾಠ ಬರಿ, ಪೀಠಿಕೆ ಬೇಡ, ಅಮ್ಮ ಪೀಠಿಕೆಗೆ ಮಾರ್ಕ್ಸ್ ಕೊಡಲ್ಲ," ಎಂದು ಪಕ್ಕದಲ್ಲೇ ಕೂತು ಹೆದರಿಸುತ್ತಿದ್ದಾರೆ.

ತಾನೇ ಎಲ್ಲ ಸರಿಮಾಡಿಕೊಡುತ್ತೇನೆ ಎನ್ನುವ ಬಟನ್‌ಗಳು ಚಿತ್ರ ತಿದ್ದುವ ಪ್ರೋಗ್ರಾಮಿನಲ್ಲಿ ಬೇಕಾದಷ್ಟಿವೆ. ಅವುಗಳ ಗೊಡವೆಗೆ ಹೋಗಬೇಡಿ. ಕರ್ವ್ಸ್ ಎಂಬುದನ್ನು ತೆರೆಯಿರಿ. ಒಂದು ಚೌಕ, ಅದರಲ್ಲಿ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಒಂದು ಓರೆ ಗೆರೆ. ಎಡಕ್ಕಿರುವುದು ಚಿತ್ರದ ಕತ್ತಲು, ಬಲಕ್ಕಿರುವುದು ಬೆಳಕು, ನಡುವೆ ಇವೆರಡರ ನಡುವಿನದೆಲ್ಲ. ಗೆರೆಯನ್ನು ನಡುವೆ ಹಿಡಿದು ಮೇಲೆತ್ತಿದರೆ ಚಿತ್ರ ಬೆಳಗಾಗುತ್ತದೆ, ಕೆಳಗೆಳೆದರೆ ಸಂಜೆಯಾಗುತ್ತದೆ. ಕತ್ತಲನ್ನು ಚೂರು ತಗ್ಗಿಸಿ, ಬೆಳಕನ್ನು ಚೂರು ಎತ್ತಿದರೆ ಗುಡ್ಡ ಆಕಾಶದಿಂದ ಬಿಡಿಸಿಕೊಂಡು ಎದ್ದು ನಿಲ್ಲುತ್ತದೆ. ಚೂರು ಅಂದರೆ ಕೂದಲೆಳೆಯಷ್ಟು. ಈ ಕೆಲಸದಲ್ಲಿ ಕೈ ಜೋರು ಮಾಡಿದವರೇ ಕೆಡುವುದು.

ಇನ್ನೊಂದು ಮಾತು. ನಿಮ್ಮ ಪರದೆಯ ಬಣ್ಣವೇ ಬೇರೆ, ನಮ್ಮ ಲ್ಯಾಬಿನ ಪರದೆಯ ಬಣ್ಣವೇ ಬೇರೆ. ಆದ್ದರಿಂದ ಚಿತ್ರಗಳನ್ನು ಪೆನ್ ಡ್ರೈವಿನಲ್ಲಿ ಹಾಕಿ ಕಳಿಸಿ. ನಾನು ಪ್ರಿಂಟ್ ಹಾಕಿ ಅಂಚೆಯಲ್ಲೇ ಕಳಿಸುತ್ತೇನೆ.

ನೀವು ಕೇಳಿದ್ದು ನನಗೆ ಎಷ್ಟು ಖುಷಿಯಾಯಿತೆಂದು ಬರೆದದ್ದು ಹರಿದುಹಾಕಿದ ಕಾಗದಗಳಲ್ಲಿದೆ.

ನಿಮ್ಮ ಸೊಸೆ


ಮಾರ್ಚ್ 1

ಸೊಸೆಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎರಡು ವಾರ ನಾನು ಕಂಪ್ಯೂಟರನ್ನು ಬೈದೆ. ನೀನು ಕೂದಲೆಳೆ ಅಂದೆ, ನಾನು ಹಗ್ಗ ಎಳೆದ ಹಾಗೆ ಎಳೆದೆ. ಕೆರೆ ಕಾದ ಸೀಸದಂತಾಯಿತು, ಕ್ವಾರಿಯ ಕಲ್ಲು ಹಲ್ಲುಕಿರಿಯಿತು. ನಿನ್ನ ಮಾವ ಬಂದು ನೋಡಿ, "ಚೆನ್ನಾಗಿದೆ," ಅಂದರು. ಅವರು ಎಲ್ಲದಕ್ಕೂ ಚೆನ್ನಾಗಿದೆ ಅನ್ನುವವರು. ನನ್ನ ಅಡುಗೆಗೂ ಅದೇ ಮಾತು, ಆದ್ದರಿಂದ ಅದನ್ನು ನಂಬುವಂತಿಲ್ಲ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಬೀರುವಿನಲ್ಲಿ ಇನ್ನೂ ಒಂದು ಕಟ್ಟು ಗ್ರಾಫ್ ಹಾಳೆ ಇತ್ತು. ಗೆರೆಯನ್ನು ಎಲ್ಲಿ ಹಿಡಿದೆ, ಎಷ್ಟೆತ್ತಿದೆ ಎಂದು ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಈಗ ಕೈ ಹದಕ್ಕೆ ಬಂತು. ನಿನ್ನೆ ಹೊಳೆಯ ತಿರುವಿನ ಚಿತ್ರದಲ್ಲಿ ಆಚೆ ದಡದ ಮರಳು, ಅದರ ಹಿಂದಿನ ಪೊದೆ, ಅದರ ಹಿಂದಿನ ಗುಡ್ಡ ಒಂದೊಂದಾಗಿ ಬಿಚ್ಚಿಕೊಂಡವು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿಬಿಟ್ಟೆ. ಕೆಳಗಿನ ಮನೆಯವಳು ಏನಾಯಿತೆಂದು ಮೇಲೆ ಬಂದಳು!

ಆದರೆ ಆ ಚಹಾ ಬಣ್ಣ ಹೋಗಿಲ್ಲ. ಗೆರೆ ಎಷ್ಟು ತಿದ್ದಿದರೂ ಎಲ್ಲದರ ಮೇಲೂ ಒಂದು ಹಳದಿ. ಅದಕ್ಕೇನು ಮದ್ದು?

ಅತ್ತೆ


ಮಾರ್ಚ್ 10

ಅತ್ತೆಯವರಿಗೆ ನಮಸ್ಕಾರ.

ಕಾಗದದ ಜೊತೆ ನೀವಿಟ್ಟಿದ್ದ ಗ್ರಾಫ್ ಹಾಳೆಯನ್ನು ನಮ್ಮ ಲ್ಯಾಬಿನ ಯಜಮಾನರಿಗೆ ತೋರಿಸಿದೆ. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ನನಗಿದು ಹೊಳೀಲೇ ಇಲ್ವಲ್ಲ," ಎಂದರು. ನಮ್ಮ ಅತ್ತೆ ಎಂದು ಹೇಳಿ ಸ್ವಲ್ಪ ಮೆರೆದೆ. ಬೇಡವೆಂದಿದ್ದಿರಿ, ತಡೆಯಲಾಗಲಿಲ್ಲ.

ಹಳದಿಗೆ ಮದ್ದು ಅದೇ ಚೌಕದಲ್ಲಿದೆ. ಮೇಲೊಂದು ಪಟ್ಟಿಯಿದೆ, ಒತ್ತಿದರೆ ಒಂದೇ ಗೆರೆ ಇದ್ದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಗೆರೆಗಳು ಸಿಗುತ್ತವೆ. ಹಳದಿಯ ಎದುರಾಳಿ ನೀಲಿ. ನೀಲಿ ಗೆರೆ ಎತ್ತಿದರೆ ಹಳದಿ ಇಳಿಯುತ್ತದೆ.

ಎಷ್ಟು ಎತ್ತಬೇಕೆಂದು ತಿಳಿಯಲು ಮನೆಯಿಂದ ಒಂದು ಬಿಳಿ ಪಿಂಗಾಣಿ ತಟ್ಟೆ ತೆಗೆದುಕೊಂಡು ಹೋಗಿ. ಅಲ್ಲೇ ಬಿಸಿಲಿಗಿಟ್ಟು ಒಂದು ಚಿತ್ರ ಹೆಚ್ಚಿಗೆ ತೆಗೆದುಕೊಳ್ಳಿ. ತಟ್ಟೆ ಬಿಳಿ ಕಾಣುವವರೆಗೆ ಗೆರೆ ತಿದ್ದಿ, ಅದೇ ಗೆರೆಯನ್ನು ಗುಡ್ಡದ ಚಿತ್ರಕ್ಕೂ ಹಾಕಿ. ಅಂಕಿ ಓದುವ ವಿಧಾನವೂ ಒಂದಿದೆ, ಅದು ಆಮೇಲೆ ನೋಡೋಣ. ಸದ್ಯಕ್ಕೆ ನಿಮ್ಮ ಕಣ್ಣಿಗೆ ಬಿಳಿ ಕಂಡರೆ ಸಾಕು.

ನಿಮ್ಮ ಸೊಸೆ


ಏಪ್ರಿಲ್ 6

ಸೊಸೆಗೆ,

ನೀನು ದೊಡ್ಡವಳು! ಹಳದಿ ಹೋಯಿತು!

ತಟ್ಟೆ ಹಿಡಿದುಕೊಂಡು ಗುಡ್ಡ ಹತ್ತುವವಳನ್ನು ನೋಡಿ ಕ್ವಾರಿಯ ಕೆಲಸಗಾರರು, "ಟೀಚರಮ್ಮ, ಊಟ ಎಲ್ಲಿ?" ಅಂತ ಕೇಳಿದರು. "ಊಟ ಅಲ್ಲಪ್ಪ, ಬಣ್ಣ ಬಡಿಸಿಕೊಳ್ಳೋಕೆ," ಅಂದೆ. ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಬೆಳಿಗ್ಗೆ ಒಂದು ಸಲ, ನಡುಮಧ್ಯಾಹ್ನ ಒಂದು ಸಲ, ಮೋಡವಾದ ದಿನ ಒಂದು ಸಲ, ಎಲ್ಲ ಬೆಳಕಿನಲ್ಲೂ ತಟ್ಟೆ ಇಟ್ಟು ತೆಗೆದೆ. ನೀಲಿ ಗೆರೆ ಎತ್ತುತ್ತಾ ಹೋದ ಹಾಗೆ ಗುಡ್ಡ ತೊಳೆದಿಟ್ಟಂತಾಯಿತು. ಈ ಗುಡ್ಡವನ್ನು ಹೀಗೆ ನೋಡಿ ಎಷ್ಟೋ ವರ್ಷವಾಗಿತ್ತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಹನ್ನೆರಡೂ ಚಿತ್ರ ಪೆನ್ ಡ್ರೈವಿನಲ್ಲಿದೆ, ತಟ್ಟೆಯ ಚಿತ್ರಗಳೂ ಇವೆ. ಹನ್ನೆರಡು ಗ್ರಾಫ್ ಹಾಳೆ ಜೊತೆಗಿಟ್ಟಿದ್ದೇನೆ. ನಾನು ಕಂಡ ಹಾಗೇ ಪ್ರಿಂಟ್ ಹಾಕಿ ಕಳಿಸು. ವಾಚನಾಲಯದವರು ಫ್ರೇಮ್ ಅಳತೆ ಕೇಳುತ್ತಿದ್ದಾರೆ.

ಅತ್ತೆ


ಏಪ್ರಿಲ್ 20

ಅತ್ತೆಯವರಿಗೆ ನಮಸ್ಕಾರ.

ಹನ್ನೆರಡು ಪ್ರಿಂಟ್ ಕಳಿಸಿದ್ದೇನೆ. ಹೊಳೆಯ ತಿರುವು ಎಲ್ಲರಿಗೂ ತುಂಬ ಹಿಡಿಸಿತು. ಲ್ಯಾಬಿನಲ್ಲಿ ಕೆಲಸ ಬಹಳ, ಇಷ್ಟೇ ಬರೆಯಲಾದದ್ದು.

ನಿಮ್ಮ ಸೊಸೆ


ಏಪ್ರಿಲ್ 29

ಸೊಸೆಗೆ,

ಇಷ್ಟುದ್ದ ಬರೆಯುವವಳು ಎರಡು ಸಾಲು ಬರೆದಾಗಲೇ ಏನೋ ಇದೆ ಅಂದುಕೊಂಡೆ.

ಪ್ರಿಂಟ್‌ಗಳೆಲ್ಲ ಹಳದಿ. ನಾನು ಎರಡು ತಿಂಗಳು ಕೂತು ತೊಳೆದ ಗುಡ್ಡವನ್ನು ಮತ್ತೆ ಅದೇ ಚಹಾ ನೀರಿನಲ್ಲಿ ಅದ್ದಿ ಕಳಿಸಿದ್ದೀಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ನಿಮ್ಮ ಲ್ಯಾಬಿನ ಮೆಷಿನ್ನಿಗೆ ಕಾಮಾಲೆ ಬಂದಿದೆಯೇ? ಅಥವಾ ನೀನು ಕೈಯಾಡಿಸಿದೆಯಾ? ನಾನು ಪರೀಕ್ಷೆ ಪೇಪರ್ ತಿದ್ದಿದವಳು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದರೆ ನನಗೆ ಗೊತ್ತಾಗುತ್ತದೆ. ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು.

ಇತಿ,
ನಿನ್ನ ಗಂಡನ ತಾಯಿ


ಮೇ 6

ಅತ್ತೆಯವರಿಗೆ,

ಹೌದು, ಕೈಯಾಡಿಸಿದೆ. ನಿಮ್ಮನ್ನು ಕೇಳದೆ, ನಿಮಗೆ ಹೇಳದೆ ಹನ್ನೆರಡನ್ನೂ ತಿದ್ದಿದೆ. ಅದು ತಪ್ಪು. ಕ್ಷಮಿಸಿ.

ಯಾಕೆ ತಿದ್ದಿದೆ ಎಂದು ಹೇಳುತ್ತೇನೆ. ನೀವು ಕಳಿಸಿದ ಚಿತ್ರಗಳು ನಮ್ಮ ಪರದೆಯಲ್ಲಿ ನೀಲಿಯಾಗಿದ್ದವು. ಸ್ವಲ್ಪವಲ್ಲ, ಬಟ್ಟೆಗೆ ನೀಲಿ ಜಾಸ್ತಿ ಹಾಕಿ ಜಾಲಿಸಿದ ಹಾಗೆ. ನಿಮ್ಮ ಪರದೆಯದೇ ದೋಷ ಎಂದುಕೊಂಡೆ. ಆದರೆ ಪರದೆಗೂ ಕಾಗದಕ್ಕೂ ಸಂಬಂಧವಿಲ್ಲ, ನಾನು ಸರಿಮಾಡಿದ ಪ್ರಿಂಟೂ ನಿಮಗೆ ಹಳದಿ ಕಾಣುತ್ತಿದೆ. ತಟ್ಟೆಯ ಅಂಕಿ ಓದಿದೆ. ಬಿಳಿಯಾದದ್ದಕ್ಕೆ ಮೂರು ಅಂಕಿಯೂ ಹತ್ತಿರ ಹತ್ತಿರ ಇರಬೇಕು. ನೀವು ಗೆರೆ ತಿದ್ದಿದ ತಟ್ಟೆಯಲ್ಲಿ ಕೆಂಪು ಇನ್ನೂರ ಹತ್ತು, ಹಸಿರು ಇನ್ನೂರ ಹನ್ನೆರಡು, ನೀಲಿ ಇನ್ನೂರ ನಲವತ್ತೈದು. ಅದು ನಿಮಗೆ ಬಿಳಿಯಾಗಿ ಕಂಡಿದೆ.

ಕೊನೆಗೆ ನಿಮ್ಮ ಹನ್ನೆರಡು ಗ್ರಾಫ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದೆ. ಕೆಂಪು, ಹಸಿರು ಗೆರೆಗಳು ಚಿತ್ರದಿಂದ ಚಿತ್ರಕ್ಕೆ ಬೇರೆ ಬೇರೆ. ನೀಲಿ ಗೆರೆ ಮಾತ್ರ ಹನ್ನೆರಡರಲ್ಲೂ ಒಂದೇ ಕಡೆ, ಒಂದೇ ಎತ್ತರಕ್ಕೆ ಎದ್ದಿದೆ. ಬೆಳಗಿನ ಬಿಸಿಲಿಗೂ ಅಷ್ಟೇ, ಮೋಡಕ್ಕೂ ಅಷ್ಟೇ. ಅತ್ತೆ, ಬೆಳಕು ಬದಲಾದರೂ ತಪ್ಪು ಬದಲಾಗುತ್ತಿಲ್ಲ ಅಂದರೆ ತಪ್ಪು ಬೆಳಕಿನದಲ್ಲ. ನೀವು ತಿದ್ದುತ್ತಿರುವುದು ಚಿತ್ರವನ್ನಲ್ಲ, ನಿಮ್ಮ ಕಣ್ಣನ್ನು. ಪೊರೆ ಬಂದರೆ ಹೀಗೆ ಹಳದಿ ಕಾಣುತ್ತದಂತೆ. ನಿಧಾನಕ್ಕೆ ಬರುವುದರಿಂದ ಗೊತ್ತೂ ಆಗುವುದಿಲ್ಲವಂತೆ.

ಚಿತ್ರ ನೀಲಿಯಾಗಿದೆ ಎಂದು ಹೇಳಲು ಹೆದರಿ ಕದ್ದು ತಿದ್ದಿದೆ. ಮಗಳಾಗಿದ್ದರೆ ಅದೇ ದಿನ ಹೇಳುತ್ತಿದ್ದೆ. ಮದುವೆಗೆ ನೀವು ಮನಸಾರೆ ಒಪ್ಪಿರಲಿಲ್ಲ ಎಂದು ನನಗೆ ಗೊತ್ತು. ಈ ಮೂರು ತಿಂಗಳ ಕಾಗದಗಳು ನನಗೆ ಎಷ್ಟು ಬೇಕಾಗಿದ್ದವೆಂದರೆ, ಕಳೆದುಕೊಳ್ಳುವ ಭಯವಾಯಿತು. ಈಗ ಕಳೆದುಕೊಂಡರೂ ಸರಿ. ದಯವಿಟ್ಟು ಕಣ್ಣು ತೋರಿಸಿ.

ನಿಮ್ಮ ಸೊಸೆ


ಮೇ 28

ಮಗಳೇ,

ನಾನು ಕಾಗದ ಬರೆದು ಕಾಲವಾಯಿತು, ಅಂಗಡಿಯ ರಸೀದಿ ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಇಲ್ಲಿ ಸೊಸೆ ಮೇಲಿನ ಕೋಪ ಗಂಡನ ಮೇಲೆ. ಇಪ್ಪತ್ತು ದಿನದಿಂದ ನನಗೆ ಊಟ ಇದೆ, ಮಾತಿಲ್ಲ.

ನಿನ್ನ ಕಾಗದ ಓದಿದ ಮರುದಿನ ನಿನ್ನ ಅತ್ತೆ ಅಂಗಡಿಗೆ ಬಂದು ದಾರದ ಡ್ರಾಯರ್ ಎಳೆದಳು. ಎರಡು ಉಂಡೆ ತೆಗೆದು ಬಾಗಿಲ ಬೆಳಕಿಗೆ ಹಿಡಿದು, "ಇದರಲ್ಲಿ ಕಪ್ಪು ಯಾವುದು?" ಅಂದಳು. ನಾನು ತೋರಿಸಿದೆ. "ಹಾಗಾದ್ರೆ ಇದು?" ಅಂದಳು. ಕಡುನೀಲಿ ಅಂದೆ. "ನಾನು ಕಪ್ಪು ಅಂತ ನಿಮಗೆ ಎತ್ತಿಕೊಡ್ತಿದ್ದದ್ದು?" ಅಂದಳು. ಎರಡು ವರ್ಷದಿಂದ ಅವಳು ಕೊಟ್ಟ ದಾರವನ್ನು ಅವಳು ಅತ್ತ ತಿರುಗಿದಾಗ ಬದಲಿಸಿಕೊಳ್ಳುತ್ತಿದ್ದೇನೆ. ಮನಸ್ಸು ನೋಯಿಸುವುದು ಬೇಡ ಅಂತ. ನೀನು ಮಾಡಿದ್ದೂ ಅದೇ ತಾನೆ? ನಿನಗೆ ಎರಡು ವಾರದಲ್ಲಿ ಹೇಳುವ ಧೈರ್ಯ ಬಂತು, ನನಗೆ ಎರಡು ವರ್ಷವಾದರೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಕೊಡೆ ತೆಗೆದುಕೊಂಡು ಒಬ್ಬಳೇ ಹೊರಟಳು. ಎಲ್ಲಿಗೆ ಅಂದೆ. "ಕಣ್ಣಿಗೆ," ಅಂದಳು. ಅದೇ ಇಪ್ಪತ್ತು ದಿನದಲ್ಲಿ ಮೊದಲ ಮಾತು.

ಮಾವ


ಜೂನ್ 15

ಸೊಸೆಗೆ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನ್ನ ಕಣ್ಣಿಗೆ ಪೊರೆ ಬಂದರೆ ನಾನು ಗುಡ್ಡಕ್ಕೆ ನೀಲಿ ಬಳಿದೆ.

ಡಾಕ್ಟರು ಯಾರು ಗೊತ್ತೆ? ನನ್ನ ಹತ್ತಿರ ಎಂಟನೇ ಕ್ಲಾಸು ಓದಿದ ಹುಡುಗಿ. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರಲ್ಲ, ನನ್ನ ಮುಂದಿದ್ದವರು ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಗಡಗಡ ಒಪ್ಪಿಸಿಬಿಟ್ಟೆ. ಅವಳು ಎದ್ದು ಬೇರೆ ಹಾಳೆ ತೂಗುಹಾಕಿದಳು. "ಟೀಚರ್, ಕಾಪಿ ಹೊಡೆದವರನ್ನ ನೀವು ಬೆಂಚ್ ಮೇಲೆ ನಿಲ್ಲಿಸ್ತಿದ್ರಿ," ಅಂದಳು. ಮೂವತ್ತನಾಲ್ಕು ವರ್ಷದ ಮಾನ ಅಲ್ಲಿ ಹೋಯಿತು. ಎರಡೂ ಕಣ್ಣಿಗೆ ಪೊರೆಯಂತೆ, ಬಲಗಣ್ಣಿಗೆ ಮೊದಲು ಆಪರೇಶನ್, ಜೂನ್ ಇಪ್ಪತ್ತಾರಕ್ಕೆ.

ನೀನು ಕದ್ದು ತಿದ್ದಿದ್ದಕ್ಕೆ ಸಿಟ್ಟು ಬಂದದ್ದು ನಿಜ. ಆದರೆ ಇಪ್ಪತ್ತು ದಿನ ಸುಮ್ಮನಿದ್ದದ್ದು ಸಿಟ್ಟಿಗಲ್ಲ, ಭಯಕ್ಕೆ. ನನಗೆ ತುಂಬ ಭಯವಾಗಿದೆ. ಕಣ್ಣಿಗೆ ಚಾಕು ತಾಗಿಸುತ್ತಾರಂತೆ. ಚಿತ್ರ, ಪ್ರದರ್ಶನ ಎಲ್ಲ ಹಾಳಾಗಿ ಹೋಗಲಿ, ಇದ್ದ ಹಳದಿಯೂ ಹೋಗಿಬಿಟ್ಟರೆ ಏನು ಗತಿ? ಇದನ್ನು ನಿನ್ನ ಮಾವನಿಗೆ ಹೇಳಿಲ್ಲ, ಮಗನಿಗೂ ಹೇಳಿಲ್ಲ. ನಿನಗೆ ಹೇಳಿದ್ದೇನೆ.

ಅತ್ತೆ


ಜೂನ್ 21

ಅತ್ತೆ,

ಆಪರೇಶನ್ ದಿನ ನಾನು ಬರಲೇ? ರಜೆ ಕೇಳಿದ್ದೇನೆ, ಚೀಲವೂ ಕಟ್ಟಿದ್ದೇನೆ. ನೀವು ಕರೆಯದೆ ಆ ಮನೆಯ ಮೆಟ್ಟಿಲು ಹತ್ತಲು ಮಾತ್ರ ನನಗೆ ಧೈರ್ಯವಿಲ್ಲ. ಒಂದು ಸಾಲು ಬರೆದರೆ ಸಾಕು.

ನಿಮ್ಮ ಸೊಸೆ


ಜುಲೈ 9

ಮಗು,

ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಆಪರೇಶನ್ ಮುಗಿದ ಮರುದಿನ. ಅಂಚೆಯವನನ್ನು ಬೈಯೋಣವೆಂದರೆ ಡಾಕ್ಟರು ಜೋರಾಗಿ ಮಾತಾಡಬೇಡಿ ಎಂದಿದ್ದಾಳೆ.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವಳ ಕೋಟು. ಬಿಳಿ! ಅಷ್ಟು ಬಿಳಿ ಈ ಲೋಕದಲ್ಲಿದೆ ಅನ್ನುವುದನ್ನೇ ಮರೆತಿದ್ದೆ. ಹೊರಗೆ ಬಂದರೆ ಆಕಾಶ, ನೀರಿನ ಡ್ರಮ್ಮು, ಬಸ್ಸಿನ ಪಟ್ಟೆ, ಯಾರದೋ ಹವಾಯಿ ಚಪ್ಪಲಿಯ ಪಟ್ಟಿ, ಎಲ್ಲ ನೀಲಿ ನೀಲಿ. ದಾರಿಯುದ್ದಕ್ಕೂ ನಗುತ್ತಾ ಬಂದೆ. ನಿನ್ನ ಮಾವನ ಕೂದಲು ಪೂರ್ತಿ ಬೆಳ್ಳಗಾಗಿದೆ, ಒಬ್ಬರಾದರೂ ನನಗೆ ಹೇಳಬಾರದಿತ್ತೆ? "ಮುದುಕರಾಗಿದ್ದೀರಲ್ಲ!" ಅಂದೆ. "ಚೆನ್ನಾಗಿದೆ ಅಲ್ವಾ?" ಅಂದರು.

ಮನೆಗೆ ಬಂದು ನನ್ನ ಹನ್ನೆರಡು ಚಿತ್ರ ಪರದೆಯ ಮೇಲೆ ತೆರೆದೆ. ಅಯ್ಯೋ, ಶಾಯಿ ಬಾಟಲಿ ಮಗುಚಿದ ಹಾಗಿದೆ. ಅದನ್ನು ಗೋಡೆಗೆ ಹಾಕಿದ್ದರೆ ಇಡೀ ಊರು ನಗುತ್ತಿತ್ತು, ನಾನು ಮಾತ್ರ ಯಾಕೆ ನಗುತ್ತಾರೆಂದು ಗದರುತ್ತಿದ್ದೆ. ಆಮೇಲೆ ನಿನ್ನ ಪ್ರಿಂಟ್ ನೋಡಿದೆ. ಹುಲ್ಲು ಹುಲ್ಲಿನ ಹಾಗಿದೆ, ಕಲ್ಲು ಕಲ್ಲಿನ ಹಾಗಿದೆ. ಆದರೆ ಒಂಬತ್ತನೆಯದರಲ್ಲಿ ನೀನೂ ತಪ್ಪಿದ್ದೀಯ, ಹಿಗ್ಗಬೇಡ. ಅದು ಸೂರ್ಯ ಹುಟ್ಟಿದ ಹೊತ್ತಿನ ಚಿತ್ರ. ಆ ಹೊತ್ತಿನಲ್ಲಿ ಬಿಳಿ ತಟ್ಟೆಯೂ ಬಿಳಿ ಇರುವುದಿಲ್ಲ, ಬಿಸಿಲಿನ ಬಣ್ಣ ಹತ್ತಿರುತ್ತದೆ. ನೀನು ಅಂಕಿ ನಂಬಿ ಮೂರನ್ನೂ ಸಮ ಮಾಡಿ, ಮುಂಜಾನೆಯನ್ನು ಮಧ್ಯಾಹ್ನ ಮಾಡಿಟ್ಟಿದ್ದೀಯ. ಸರಿಮಾಡಿದ ಗ್ರಾಫ್ ಇದರಲ್ಲಿದೆ. ನೀಲಿಯನ್ನು ಚೂರು ಇಳಿಸಿದ್ದೇನೆ, ಕೂದಲೆಳೆಯಷ್ಟೇ.

ಈಗ ಮುಖ್ಯ ವಿಷಯ. ಹೊಸ ಬಲಗಣ್ಣು ಮುಚ್ಚಿದರೆ ಲೋಕ ಚಹಾ ಬಣ್ಣ, ಹಳೇ ಎಡಗಣ್ಣು ಮುಚ್ಚಿದರೆ ತೊಳೆದ ಬಣ್ಣ. ಇಂಥ ಅವಕಾಶ ಯಾರಿಗೆ ಸಿಗುತ್ತದೆ! ಮೂರು ದಿನ ಕೂತು ಒಂದು ಕೆಲಸ ಮಾಡಿದೆ. ನಿನ್ನ ಪ್ರಿಂಟನ್ನು ಹಳೇ ಕಣ್ಣಲ್ಲಿ ನೋಡುವುದು, ಪರದೆಯ ಮೇಲೆ ಅದೇ ಚಿತ್ರದ ಮೂಲವನ್ನು ಹೊಸ ಕಣ್ಣಲ್ಲಿ ನೋಡುವುದು, ಎರಡೂ ಒಂದೇ ಕಾಣುವವರೆಗೆ ಗೆರೆ ಎಳೆಯುವುದು. ಕಣ್ಣು ಮುಚ್ಚಿ ತೆರೆದು ಮಾಡುವುದನ್ನು ನೋಡಿ ನಿನ್ನ ಮಾವ, "ಕಂಪ್ಯೂಟರಿಗೆ ಯಾಕೆ ಕಣ್ಣು ಹೊಡೀತಿದ್ದೀಯ?" ಅಂದರು. ಕೊನೆಗೂ ಸಿಕ್ಕಿತು. ನೀಲಿ ಗೆರೆಯ ಬಲತುದಿ ತುತ್ತತುದಿಯ ಅಂಕಿ ಇನ್ನೂರ ಐವತ್ತೈದರಿಂದ ನೂರೆಪ್ಪತ್ತಕ್ಕೆ ಇಳಿಯಬೇಕು, ಹಸಿರು ಸ್ವಲ್ಪ. ಅದೇ ನನ್ನ ಪೊರೆ. ಗ್ರಾಫ್ ಹಾಳೆಯಲ್ಲಿ ಬರೆದು ತಾರೀಖು ಹಾಕಿದ್ದೇನೆ.

ವಾಚನಾಲಯದವರಿಗೆ ಹೇಳಿಯಾಗಿದೆ. ಹನ್ನೊಂದು ಚಿತ್ರ ಇದ್ದ ಹಾಗೆ. ಹನ್ನೆರಡನೆಯ ಜಾಗದಲ್ಲಿ ಒಂದೇ ಗುಡ್ಡದ ಎರಡು ಪ್ರಿಂಟ್, ಅಕ್ಕಪಕ್ಕ. ಒಂದರ ಕೆಳಗೆ "ಗುಡ್ಡ", ಪೊರೆಯ ಗೆರೆ ಹಾಕಿದ ಇನ್ನೊಂದರ ಕೆಳಗೆ "ಟೀಚರ್ ಕಂಡ ಗುಡ್ಡ". ಹಳೇ ವಿದ್ಯಾರ್ಥಿಗಳು ಹೊಟ್ಟೆ ತುಂಬ ನಗಲಿ. ನಕ್ಕವರಲ್ಲಿ ನಾಲ್ಕು ಜನರಾದರೂ ಮನೆಗೆ ಹೋಗಿ ತಮ್ಮ ತಾಯಂದಿರನ್ನು ಕಣ್ಣಿಗೆ ಕರೆದುಕೊಂಡು ಹೋಗುತ್ತಾರೆ.

ಎಡಗಣ್ಣಿಗೆ ಮೂವತ್ತನೇ ತಾರೀಖು. ಡಾಕ್ಟರನ್ನು ಕೇಳಿದೆ, ನಾಲ್ಕು ವರ್ಷದ ಹಿಂದೆಯೂ ಪೊರೆ ಶುರುವಾಗಿದ್ದಿರಬಹುದಂತೆ. ಹಾಗೆಂದು ನಾಲ್ಕು ವರ್ಷ ನಿನ್ನನ್ನು ಬಾ ಎಂದು ಕರೆಯದೆ ಇದ್ದುದಕ್ಕೆ ಪೊರೆಯ ಮೇಲೆ ತಪ್ಪು ಹೊರಿಸುವುದಿಲ್ಲ. ಅದು ನನ್ನದೇ ಹಟ. ನನ್ನಿಂದ ತಪ್ಪಾಯಿತು.

ಪ್ರಿಂಟ್‌ಗಳನ್ನು ಈ ಸಲ ಅಂಚೆಗೆ ಹಾಕಬೇಡ, ನೀನೇ ತೆಗೆದುಕೊಂಡು ಬಾ. ಮೂವತ್ತಕ್ಕೆ ಮುಂಚೆ ಬಾ, ಪಕ್ಕದಲ್ಲಿ ಯಾರಾದರೂ ಇದ್ದರೆ ನನಗೆ ಭಯ ಕಡಿಮೆ. ಕಟ್ಟಿದ ಚೀಲ ಬಿಚ್ಚಿಲ್ಲ ತಾನೆ? ಹೊಸ ಕಣ್ಣಿನಲ್ಲಿ ಎಲ್ಲರನ್ನೂ ನೋಡಿಯಾಯಿತು, ನಿನ್ನನ್ನು ಇನ್ನೂ ನೋಡಿಲ್ಲ.

ದಾರಿ ಕಾಯುತ್ತಿರುವ
ನಿನ್ನ ಅತ್ತೆ